ಬೀದಿ ಅಪರಾಧ: ಕಳ್ಳ ಕಾಯುವ ಕ್ಷಣ ಯಾವುದು, ಅದನ್ನು ತಪ್ಪಿಸುವುದು ಹೇಗೆ?

ಹಿಂದೆ ಬೀದಿಯಲ್ಲಿ ಕಿಸೆಗೆ ಕತ್ತರಿ ಬಿದ್ದರೆ ಹೋಗುತ್ತಿದ್ದುದು ಆ ದಿನದ ಖರ್ಚಿಗೆಂದು ಇಟ್ಟುಕೊಂಡ ಹಣ ಮಾತ್ರ. ಇಂದು ಒಂದು ಫೋನು ಕೈತಪ್ಪಿದರೆ ಬ್ಯಾಂಕ್ ಖಾತೆ, ಗುರುತಿನ ದಾಖಲೆಗಳು, ಇಮೇಲ್, ಮನೆಯವರ ಸಂಖ್ಯೆಗಳು, ವರ್ಷಗಳ ಫೋಟೊಗಳು ಎಲ್ಲವೂ ಅದರೊಂದಿಗೆ ಅಪರಿಚಿತನೊಬ್ಬನ ಕೈ ಸೇರುವ ಸಾಧ್ಯತೆ ಇದೆ. ಹೊರಗೆ ಹೊರಟವರಿಗೆ ಮನೆಯವರು ಹೇಳುವ ‘ಜೋಪಾನ’ ಎಂಬ ಮಾತಿಗೆ ಇದರಿಂದ ಹೊಸ ತೂಕ ಬಂದಿದೆ. ಆದರೆ ಎಲ್ಲಿ, ಯಾವ ಹೊತ್ತಿನಲ್ಲಿ, ಯಾವುದರ ಬಗ್ಗೆ ಜೋಪಾನ ಎಂಬುದು ಸ್ಪಷ್ಟವಾಗದಿದ್ದರೆ ಆ ಎಚ್ಚರಿಕೆ ಎರಡೇ ದಿನಕ್ಕೆ ಮರೆತುಹೋಗುತ್ತದೆ, ಇಲ್ಲವೇ ಹೊರಗೆ ಕಾಲಿಟ್ಟಾಗಲೆಲ್ಲ ಕಾಡುವ ಭಯವಾಗಿ ಉಳಿಯುತ್ತದೆ. ಬೀದಿಯಲ್ಲಿ ನಡೆಯುವ ಅಪರಾಧಗಳು ಮೇಲುನೋಟಕ್ಕೆ ಆಕಸ್ಮಿಕವೆಂದು ತೋರಿದರೂ ಅವುಗಳ ಹಿಂದೆ ತಿಳಿದುಕೊಳ್ಳಬಹುದಾದ ಒಂದು ಕ್ರಮವಿದೆ. ಆ ಕ್ರಮ ತಿಳಿದವರು ದಿನವಿಡೀ ಹೆದರಿಕೊಂಡಿರಬೇಕಾಗಿಲ್ಲ, ಎಚ್ಚರ ಬೇಕಾದ ಕೆಲವೇ ಕ್ಷಣಗಳಲ್ಲಿ ಎಚ್ಚರವಾಗಿದ್ದರೆ ಸಾಕು.

ಬೀದಿ ಅಪರಾಧದಲ್ಲಿ ಎಷ್ಟು ಬಗೆ?

ರಸ್ತೆ, ನಿಲ್ದಾಣ, ಬಸ್ಸು, ರೈಲು, ಮಾರುಕಟ್ಟೆಗಳಂಥ ಸಾರ್ವಜನಿಕ ಸ್ಥಳಗಳಲ್ಲಿ, ಹೆಚ್ಚಾಗಿ ಪರಸ್ಪರ ಪರಿಚಯವಿಲ್ಲದವರ ನಡುವೆ ನಡೆಯುವ ಕಳವು, ಸುಲಿಗೆ, ಹಲ್ಲೆಗಳನ್ನು ಒಟ್ಟಾಗಿ ಬೀದಿ ಅಪರಾಧ ಎನ್ನುತ್ತಾರೆ. ಕಾನೂನಿನ ವ್ಯಾಖ್ಯೆ ದೇಶದಿಂದ ದೇಶಕ್ಕೆ ಬೇರೆಯಾದರೂ, ವಸ್ತುವಿಗಾಗಿ ನಡೆಯುವ ಕೃತ್ಯಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳು ಕಾಣುತ್ತವೆ. ಕಿಸೆಗಳ್ಳತನದಲ್ಲಿ ವಸ್ತು ಹೋದದ್ದು ಅದರ ಒಡೆಯನಿಗೆ ಆ ಹೊತ್ತಿನಲ್ಲಿ ತಿಳಿಯುವುದೇ ಇಲ್ಲ. ಗಮನ ಬೇರೆಡೆ ಸೆಳೆದು ಮಾಡುವ ಕಳವಿನಲ್ಲಿ ಕಳ್ಳರು ಮಾತು, ಗದ್ದಲ ಅಥವಾ ಸಹಾಯದ ನೆಪ ಹೂಡಿ ನಮ್ಮ ಕಣ್ಣನ್ನು ಇನ್ನೊಂದು ಕಡೆಗೆ ತಿರುಗಿಸುತ್ತಾರೆ. ಕಸಿದು ಪರಾರಿಯಾಗುವಲ್ಲಿ ಎಲ್ಲವೂ ಕಣ್ಣೆದುರೇ ನಡೆಯುತ್ತದೆ, ಆದರೆ ಕಳ್ಳ ತನ್ನ ವೇಗವನ್ನೇ ನೆಚ್ಚಿರುತ್ತಾನೆ. ಸುಲಿಗೆಯಲ್ಲಿ ಬಲಪ್ರಯೋಗ ಅಥವಾ ಅದರ ಬೆದರಿಕೆ ಇರುತ್ತದೆ.

ಈ ವಿಂಗಡಣೆ ಅಗತ್ಯ, ಏಕೆಂದರೆ ಒಂದಕ್ಕೆ ತಕ್ಕ ಎಚ್ಚರಿಕೆ ಇನ್ನೊಂದಕ್ಕೆ ಸಲ್ಲುವುದಿಲ್ಲ. ಜನಜಂಗುಳಿ ಕಿಸೆಗಳ್ಳನಿಗೆ ಅನುಕೂಲ ಮಾಡಿಕೊಡುತ್ತದೆ, ಅದೇ ಜನಜಂಗುಳಿ ಸುಲಿಗೆಕೋರನಿಗೆ ಅಡ್ಡಿಯಾಗುತ್ತದೆ. ಚೀಲದ ಪಟ್ಟಿಯನ್ನು ಮೈಗೆ ಅಡ್ಡಲಾಗಿ ಹಾಕಿಕೊಂಡರೆ ಗುಂಪಿನಲ್ಲಿ ಅದನ್ನು ಎಗರಿಸುವುದು ಕಷ್ಟವಾಗುತ್ತದೆ. ಆದರೆ ವಾಹನದಲ್ಲಿ ಬಂದವನು ಅದೇ ಪಟ್ಟಿಯನ್ನು ಹಿಡಿದೆಳೆದರೆ ನಡೆಯುತ್ತಿದ್ದವರು ನೆಲಕ್ಕೆ ಬಿದ್ದು ಗಂಭೀರವಾಗಿ ಗಾಯಗೊಳ್ಳಬಹುದು. ಆದ್ದರಿಂದ ರಸ್ತೆಯ ಅಂಚಿನಲ್ಲಿ ನಡೆಯುವಾಗ ಚೀಲ ವಾಹನಗಳು ಸಾಗುವ ಬದಿಗಿರದೆ ಕಟ್ಟಡಗಳ ಬದಿಗಿರಬೇಕು, ಎದುರಿನಿಂದ ಬರುವ ವಾಹನಗಳು ಕಾಣುವಂತೆ ನಡೆಯಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಮೂರು ಸಂಗತಿಗಳು ಕೂಡಿದಾಗ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಜನರ ಆರ್ಥಿಕ ಸ್ಥಿತಿ ಸುಧಾರಿಸುತ್ತಿದ್ದರೂ ಅಪರಾಧಗಳು ಮಾತ್ರ ಏರುತ್ತಲೇ ಹೋದವು. ಬಡತನವೊಂದೇ ಅಪರಾಧಕ್ಕೆ ಕಾರಣವಾಗಿದ್ದರೆ ಹೀಗಾಗಬಾರದಿತ್ತು. ಈ ಒಗಟನ್ನು ಬಿಡಿಸಲು ಹೊರಟ ಸಮಾಜಶಾಸ್ತ್ರಜ್ಞರಾದ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಒಂದು ವಿವರಣೆಯನ್ನು ಮುಂದಿಟ್ಟರು. ಕದಿಯಲು ಸಿದ್ಧನಾದ ವ್ಯಕ್ತಿ, ಅವನಿಗೆ ಒಪ್ಪುವ ಗುರಿ, ಕಾಯುವವರಿಲ್ಲದ ಪರಿಸ್ಥಿತಿ ಈ ಮೂರೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಕೂಡಿದಾಗ ಅಪರಾಧ ನಡೆಯುತ್ತದೆ ಎಂಬುದು ಅದರ ತಿರುಳು. ಹಣತೆ ಉರಿಯಬೇಕಾದರೆ ಎಣ್ಣೆ, ಬತ್ತಿ, ಕಿಡಿ ಮೂರೂ ಬೇಕು, ಯಾವ ಒಂದನ್ನು ತೆಗೆದರೂ ದೀಪ ಹತ್ತುವುದಿಲ್ಲ. ಇಲ್ಲಿಯೂ ಹಾಗೆಯೇ. ಕದಿಯಬೇಕೆಂದು ಹೊರಟವನ ಮನಸ್ಸನ್ನು ಬದಲಿಸುವುದು ದಾರಿಹೋಕನ ಕೈಯಲ್ಲಿಲ್ಲ, ಆದರೆ ಉಳಿದ ಎರಡರಲ್ಲಿ ಒಂದನ್ನು ಇಲ್ಲವಾಗಿಸುವುದು ಬಹಳ ಸಲ ಸಾಧ್ಯವಿದೆ.

ಕಾಯುವವರು ಎಂದಾಗ ಪೊಲೀಸರಷ್ಟೇ ಎಂದುಕೊಳ್ಳಬೇಕಾಗಿಲ್ಲ. ಅಂಗಡಿಯ ಬಾಗಿಲಲ್ಲಿ ನಿಂತವರು, ಪಕ್ಕದಲ್ಲಿ ನಡೆಯುತ್ತಿರುವ ಗೆಳತಿ, ಬಸ್ಸಿನ ನಿರ್ವಾಹಕ, ತನ್ನ ಚೀಲದ ಮೇಲೆ ತಾನೇ ಕೈಯಿಟ್ಟುಕೊಂಡ ಪ್ರಯಾಣಿಕ, ಎಲ್ಲರೂ ಆ ಕ್ಷಣದ ಕಾವಲುಗಾರರೇ.

ಇನ್ನು ಗುರಿಯ ವಿಚಾರ. ಕಳ್ಳರಿಗೆ ಒಪ್ಪುವ ವಸ್ತುಗಳಲ್ಲಿ ಆರು ಗುಣಗಳಿರುತ್ತವೆ ಎಂದು ಅಪರಾಧಶಾಸ್ತ್ರಜ್ಞ ರೊನಾಲ್ಡ್ ಕ್ಲಾರ್ಕ್ 1999ರಲ್ಲಿ ಗುರುತಿಸಿದರು: ಬಚ್ಚಿಡಲು ಬರಬೇಕು, ಸುಲಭವಾಗಿ ಒಯ್ಯಲಾಗಬೇಕು, ಕೈಗೆ ಸಿಗುವಂತಿರಬೇಕು, ಬೆಲೆಬಾಳಬೇಕು, ಬಳಸಲು ಆಸೆಯಾಗಬೇಕು, ಬೇಗ ಮಾರಾಟವಾಗಬೇಕು. ಫೋನಿನಲ್ಲಿ ಈ ಆರೂ ಗುಣಗಳಿವೆ. ಇವುಗಳಲ್ಲಿ ಫೋನನ್ನು ಇಟ್ಟುಕೊಳ್ಳುವವರು ಬದಲಿಸಬಹುದಾದದ್ದು ಒಂದನ್ನು, ಅಂದರೆ ಅದು ಕೈಗೆ ಸಿಗುವಂತಿರುವುದನ್ನು. ಫೋನು ತಯಾರಿಸುವವರು ಬದಲಿಸಲು ಯತ್ನಿಸಿರುವುದು ಕೊನೆಯದನ್ನು. 2013ರಿಂದ ಐಫೋನ್‌ಗಳಲ್ಲಿ ಒಡೆಯನ ಪಾಸ್‌ವರ್ಡ್ ಇಲ್ಲದೆ ಫೋನನ್ನು ಅಳಿಸಿ ಹೊಸದಾಗಿ ಚಾಲೂ ಮಾಡಲಾಗದ ಬೀಗವಿದೆ, ಆಂಡ್ರಾಯ್ಡ್ ಫೋನ್‌ಗಳಲ್ಲಿಯೂ ಇಂಥದೇ ವ್ಯವಸ್ಥೆ ಮುಂದೆ ಬಂತು. ಇಷ್ಟಾದರೂ ಬಿಡಿಭಾಗಗಳಾಗಿ ಬಿಚ್ಚಿ ಮಾರುವ ದಾರಿ ತೆರೆದೇ ಇರುವುದರಿಂದ ಫೋನ್ ಕಳವು ನಿಂತಿಲ್ಲ.

ಅಪಾಯ ಎಲ್ಲೆಡೆ ಸಮನಾಗಿ ಹರಡಿಲ್ಲ

ಅಮೆರಿಕದ ಮಿನ್ನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬಂದ ಕರೆಗಳನ್ನು ಲಾರೆನ್ಸ್ ಶೆರ್ಮನ್ ಮತ್ತು ಸಂಗಡಿಗರು ವಿಶ್ಲೇಷಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ತಿಳಿವಳಿಕೆಯನ್ನೇ ಬದಲಿಸಿತು. ನಗರದ ಶೇ 3ರಷ್ಟು ವಿಳಾಸಗಳಿಂದಲೇ ಶೇ 50ರಷ್ಟು ಕರೆಗಳು ಬಂದಿದ್ದವು. ಮುಂದೆ ಬೇರೆ ಬೇರೆ ನಗರಗಳಲ್ಲಿ ನಡೆದ ಅಧ್ಯಯನಗಳಲ್ಲಿಯೂ ಇದೇ ಬಗೆಯ ಚಿತ್ರ ಕಂಡುಬಂತು. ಒಂದಿಡೀ ಬಡಾವಣೆಯನ್ನು ‘ಕೆಟ್ಟದ್ದು’ ಎಂದು ಕರೆಯುವುದು ಆದ್ದರಿಂದ ಅಲ್ಲಿ ವಾಸಿಸುವವರಿಗೆ ಮಾಡುವ ಅನ್ಯಾಯ ಮಾತ್ರವಲ್ಲ, ತಪ್ಪು ಮಾಹಿತಿಯೂ ಹೌದು. ಅಪಾಯ ಸೇರಿಕೊಳ್ಳುವುದು ಒಂದು ತಿರುವಿನಲ್ಲಿ, ಒಂದು ಸುರಂಗಮಾರ್ಗದಲ್ಲಿ, ಒಂದು ನಿಲ್ದಾಣದ ಹಿಂಬಾಗಿಲಿನಲ್ಲಿ. ಹೊಸ ಊರಿಗೆ ಹೋದಾಗ ಅಲ್ಲಿನವರನ್ನು ‘ಈ ಊರು ಸುರಕ್ಷಿತವೇ’ ಎಂದು ಕೇಳುವುದಕ್ಕಿಂತ ‘ಕತ್ತಲಾದ ಮೇಲೆ ನೀವು ಯಾವ ದಾರಿ ಬಿಟ್ಟು ಯಾವ ದಾರಿಯಲ್ಲಿ ಹೋಗುತ್ತೀರಿ’ ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ.

ಬೆಳಕಿಗೂ ಇದರಲ್ಲಿ ಪಾತ್ರವಿದೆ. ಬೀದಿದೀಪಗಳನ್ನು ಸುಧಾರಿಸಿದ ಕಡೆ ಅಪರಾಧ ಸರಾಸರಿ ಶೇ 21ರಷ್ಟು ತಗ್ಗಿತೆಂದು ಬ್ರ್ಯಾಂಡನ್ ವೆಲ್ಷ್ ಮತ್ತು ಡೇವಿಡ್ ಫ್ಯಾರಿಂಗ್ಟನ್ 2008ರ ತಮ್ಮ ಸಮೀಕ್ಷೆಯಲ್ಲಿ ಕಂಡುಕೊಂಡರು. ಎರಡು ದಾರಿಗಳಿದ್ದಾಗ ತುಸು ಸುತ್ತಾದರೂ ಬೆಳಕಿರುವ, ಜನರಿರುವ ದಾರಿ ಹಿಡಿಯಬೇಕೆಂಬ ಹಳೆಯ ಸಲಹೆಗೆ ಹೀಗೆ ಆಧಾರವಿದೆ.

ಜಾಗದಷ್ಟೇ ಮುಖ್ಯವಾದದ್ದು ಹೊತ್ತು. ಇಲ್ಲಿ ಹೊತ್ತು ಎಂದರೆ ಗಡಿಯಾರದ ಗಂಟೆಯಷ್ಟೇ ಅಲ್ಲ, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಗಳಿಗೆಯೂ ಹೌದು. ಬಸ್ಸು ಹತ್ತುವಾಗ, ಇಳಿಯುವಾಗ, ಎಟಿಎಂನಿಂದ ಹೊರಬರುವಾಗ, ವಾಹನದ ಬೀಗ ತೆಗೆಯುವಾಗ, ಮೆಟ್ಟಿಲೇರುವಾಗ, ದಾರಿ ತಿಳಿಯದೆ ನಿಂತು ಫೋನಿನಲ್ಲಿ ನಕ್ಷೆ ನೋಡುವಾಗ ಕೈಗಳು ಕೆಲಸದಲ್ಲಿರುತ್ತವೆ, ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ, ಹಣ ಅಥವಾ ಫೋನು ಹೊರಗಿರುತ್ತದೆ. ಕಳ್ಳ ಕಾಯುವುದು ಇಂಥ ಗಳಿಗೆಗಾಗಿಯೇ. ರೈಲಿನ ಬಾಗಿಲು ಮುಚ್ಚುವ ಮುನ್ನ ಫೋನು ಕಸಿದು ಕೆಳಗಿಳಿದುಬಿಟ್ಟರೆ ಬಾಗಿಲೇ ಅವನ ರಕ್ಷಣೆಗೆ ನಿಲ್ಲುತ್ತದೆ. ಅದಕ್ಕಾಗಿಯೇ ಬಾಗಿಲ ಪಕ್ಕದ ಜಾಗದಲ್ಲಿ ಫೋನನ್ನು ಸಡಿಲವಾಗಿ ಹಿಡಿದಿರುವುದು ಒಳಗಿನ ಆಸನದಲ್ಲಿ ಕುಳಿತು ನೋಡುವುದಕ್ಕಿಂತ ಹೆಚ್ಚು ಅಪಾಯಕರ. ದಾರಿಯನ್ನು ಹೊರಡುವ ಮೊದಲೇ ನೋಡಿಕೊಳ್ಳುವುದು, ನಡುವೆ ನೋಡಲೇಬೇಕಾದರೆ ಗೋಡೆಗೆ ಬೆನ್ನು ಕೊಟ್ಟು ಅಥವಾ ಅಂಗಡಿಯೊಳಗೆ ಹೋಗಿ ನೋಡುವುದು, ಇಳಿಯುವ ನಿಲ್ದಾಣಕ್ಕೆ ಮುನ್ನವೇ ಫೋನು ಒಳಗಿಟ್ಟುಕೊಳ್ಳುವುದು ಸಣ್ಣ ಅಭ್ಯಾಸಗಳಂತೆ ಕಂಡರೂ, ಕಳ್ಳನಿಗೆ ಬೇಕಾದ ಗಳಿಗೆಯನ್ನು ಅವು ಇಲ್ಲವಾಗಿಸುತ್ತವೆ.

ನೋಡುತ್ತಿದ್ದರೂ ಕಾಣದಿರುವುದು ಏಕೆ?

‘ಪಕ್ಕದಲ್ಲೇ ಇಟ್ಟುಕೊಂಡಿದ್ದೆ, ಹೇಗೆ ಹೋಯಿತೆಂದೇ ತಿಳಿಯಲಿಲ್ಲ’ ಎನ್ನುವವರನ್ನು ಅಜಾಗರೂಕರೆಂದು ಜರೆಯುವುದು ಸುಲಭ. ಆದರೆ ಮನುಷ್ಯನ ಗಮನ ಕೆಲಸ ಮಾಡುವ ರೀತಿಯೇ ಹಾಗಿದೆ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಷಾಬ್ರಿ ಎಂಬ ಮನಶ್ಶಾಸ್ತ್ರಜ್ಞರು ಚೆಂಡಾಟದ ದೃಶ್ಯವೊಂದನ್ನು ತೋರಿಸಿ, ಚೆಂಡು ಎಷ್ಟು ಸಲ ಕೈಬದಲಾಯಿತೆಂದು ಎಣಿಸಲು ನೋಡುಗರಿಗೆ ಹೇಳಿದರು. ಗೊರಿಲ್ಲಾ ವೇಷ ತೊಟ್ಟವರೊಬ್ಬರು ಆಟಗಾರರ ನಡುವೆಯೇ ಹಾದುಹೋದರೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದು ಕಾಣಲಿಲ್ಲ. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ ಒಂದೇ ಗಾಲಿಯ ಸೈಕಲ್ ಮೇಲೆ ವಿದೂಷಕನೊಬ್ಬನನ್ನು ಓಡಾಡಿಸಿ, ಆ ದಾರಿಯಲ್ಲಿ ಹೋದವರನ್ನು ವಿಚಾರಿಸಲಾಯಿತು. ಒಂಟಿಯಾಗಿ ಸುಮ್ಮನೆ ನಡೆಯುತ್ತಿದ್ದವರಲ್ಲಿ ಅರ್ಧದಷ್ಟು ಮಂದಿ ಅವನನ್ನು ಗಮನಿಸಿದ್ದರೆ, ಫೋನಿನಲ್ಲಿ ಮಾತನಾಡುತ್ತಿದ್ದವರಲ್ಲಿ ನಾಲ್ವರಿಗೆ ಒಬ್ಬರಷ್ಟೇ ಗಮನಿಸಿದ್ದರು. ಬಣ್ಣದ ಉಡುಪಿನ ವಿದೂಷಕನೇ ಕಣ್ಣಿಗೆ ಬೀಳದಿರುವಾಗ, ಹಿಂದಿನಿಂದ ಹತ್ತಿರವಾಗುತ್ತಿರುವ ಸಾಧಾರಣ ವ್ಯಕ್ತಿ ಕಾಣದಿರುವುದರಲ್ಲಿ ಆಶ್ಚರ್ಯವಿಲ್ಲ.

ಸ್ಪರ್ಶದ ಕಥೆಯೂ ಇದೇ. ಚರ್ಮ ಬದಲಾವಣೆಯನ್ನು ಗುರುತಿಸುತ್ತದೆಯೇ ಹೊರತು ಒಂದೇ ಸಮನೆ ಇರುವ ಒತ್ತಡವನ್ನಲ್ಲ, ಹಾಗಾಗಿ ಕಿಸೆಯಲ್ಲಿ ಪರ್ಸಿದೆ ಎಂಬ ಅರಿವು ಸ್ವಲ್ಪ ಹೊತ್ತಿನಲ್ಲಿಯೇ ಮಾಯವಾಗುತ್ತದೆ. ಜೊತೆಗೆ ದೊಡ್ಡ ಒತ್ತಡ ಸಣ್ಣ ಸ್ಪರ್ಶವನ್ನು ಮುಚ್ಚಿಹಾಕುತ್ತದೆ. ಭುಜಕ್ಕೆ ಯಾರೋ ಗಟ್ಟಿಯಾಗಿ ತಾಗಿದ ಗಳಿಗೆಯಲ್ಲಿ ಕಿಸೆಯೊಳಗಿನ ಎರಡು ಬೆರಳುಗಳ ಚಲನೆ ತಿಳಿಯುವುದಿಲ್ಲ.

ನುರಿತ ಕಿಸೆಗಳ್ಳರು ಈ ಎರಡು ಮಿತಿಗಳನ್ನೂ ಬಲ್ಲವರು. ಅವರು ಅನೇಕ ಸಲ ತಂಡವಾಗಿ ಕೆಲಸ ಮಾಡುತ್ತಾರೆ. ಒಬ್ಬ ಯಾರು ಹಣವನ್ನು ಎಲ್ಲಿಟ್ಟರೆಂದು ನೋಡಿಕೊಳ್ಳುತ್ತಾನೆ, ಇನ್ನೊಬ್ಬ ಎದುರಿಗೆ ಹಠಾತ್ತನೆ ನಿಂತು ದಾರಿ ಕಟ್ಟುತ್ತಾನೆ, ಮೂರನೆಯವನು ಹಿಂದಿನಿಂದ ಒತ್ತಿಬಂದು ವಸ್ತುವನ್ನು ತೆಗೆಯುತ್ತಾನೆ, ತೆಗೆದದ್ದು ಮರುಕ್ಷಣವೇ ನಾಲ್ಕನೆಯವನ ಕೈ ಸೇರುತ್ತದೆ. ಅನುಮಾನ ಬಂದು ಹಿಡಿದರೂ ಹಿಡಿದವನ ಬಳಿ ಏನೂ ಸಿಗದಿರುವುದು ಇದರಿಂದಲೇ. ನಿಂತ ಜಾಗದಲ್ಲಿ ಕಾರಣವಿಲ್ಲದೆ ಒತ್ತಡ ಹೆಚ್ಚಿದರೆ, ಅಗಲವಾದ ದಾರಿಯಿದ್ದೂ ಯಾರಾದರೂ ಮೈಗೆ ತಾಗಿದರೆ, ಆ ಕ್ಷಣದಲ್ಲಿ ನೋಡಬೇಕಾದದ್ದು ತಾಗಿದವರ ಮುಖವನ್ನಲ್ಲ, ತನ್ನ ಚೀಲವನ್ನು.

ಗಮನ ಸೆಳೆಯುವ ನೆಪಗಳಿಗೆ ಲೆಕ್ಕವಿಲ್ಲವಾದರೂ ಅವುಗಳ ಸ್ವರೂಪ ಒಂದೇ. ಬಟ್ಟೆಯ ಮೇಲೆ ಏನನ್ನೋ ಚೆಲ್ಲಿ ಒರೆಸಲು ಬರುವುದು, ನೆಲದ ಮೇಲೆ ನೋಟುಗಳನ್ನು ಬೀಳಿಸಿ ‘ಇದು ನಿಮ್ಮದೇ’ ಎನ್ನುವುದು, ದಾರಿ ಕೇಳುತ್ತ ಎದೆಯ ಮಟ್ಟಕ್ಕೆ ದೊಡ್ಡ ಕಾಗದವನ್ನು ಹರಡುವುದು, ಸಹಿ ಸಂಗ್ರಹದ ಹೆಸರಿನಲ್ಲಿ ಸುತ್ತುವರಿಯುವುದು, ಪೊಲೀಸರೆಂದು ಹೇಳಿಕೊಂಡು ‘ಮುಂದೆ ಕಳ್ಳರಿದ್ದಾರೆ, ಒಡವೆ ಬಿಚ್ಚಿ ಕಟ್ಟಿಟ್ಟುಕೊಳ್ಳಿ’ ಎನ್ನುವುದು, ಇವೆಲ್ಲದರಲ್ಲಿಯೂ ಅಪರಿಚಿತರು ತಾವಾಗಿಯೇ ಹತ್ತಿರ ಬರುತ್ತಾರೆ, ತಕ್ಷಣವೇ ಏನನ್ನಾದರೂ ಮಾಡುವಂತೆ ಅವಸರಪಡಿಸುತ್ತಾರೆ, ಮೈಯನ್ನೋ ಸಾಮಾನನ್ನೋ ಮುಟ್ಟಲು ನೋಡುತ್ತಾರೆ. ಸಹಾಯ ಕೇಳುವವರೆಲ್ಲ ಕಳ್ಳರಲ್ಲ, ನಿಜವಾಗಿ ದಾರಿ ತಪ್ಪಿದವರೇ ಹೆಚ್ಚು. ಒಂದು ಹೆಜ್ಜೆ ಹಿಂದೆ ಸರಿದು, ಚೀಲವನ್ನು ಮುಂದಕ್ಕೆಳೆದುಕೊಂಡು, ಅಷ್ಟು ದೂರದಿಂದಲೇ ಉತ್ತರಿಸಿದರೆ ಸೌಜನ್ಯಕ್ಕೂ ಕುಂದಿಲ್ಲ, ಸುರಕ್ಷತೆಗೂ ಕುಂದಿಲ್ಲ. ಒಡವೆ ಅಥವಾ ಪರ್ಸು ತೋರಿಸಿ ಎನ್ನುವ ‘ಪೊಲೀಸರಿಗೆ’ ಠಾಣೆಗೇ ಬಂದು ತೋರಿಸುವುದಾಗಿ ಹೇಳಬಹುದು.

ವಸ್ತುಗಳನ್ನು ಎಲ್ಲಿ, ಹೇಗೆ ಇಟ್ಟುಕೊಳ್ಳಬೇಕು?

ಎಲ್ಲವನ್ನೂ ಒಂದೇ ಕಡೆ ಇಡದಿರುವುದು ಇಲ್ಲಿನ ಮೊದಲ ನಿಯಮ. ಆ ಹೊತ್ತಿನ ಖರ್ಚಿಗೆ ಬೇಕಾದಷ್ಟು ಹಣ ಒಂದು ಕಡೆ, ಕಾರ್ಡು ಮತ್ತು ಉಳಿದ ಹಣ ಒಳಗಿನ ಕಿಸೆಯಲ್ಲಿ, ದಾಖಲೆಗಳ ಮೂಲಪ್ರತಿಗಳು ಸಾಧ್ಯವಾದಾಗಲೆಲ್ಲ ಮನೆಯಲ್ಲಿ ಅಥವಾ ತಂಗಿದ ಕೋಣೆಯಲ್ಲಿ ಇರಲಿ. ಪ್ಯಾಂಟಿನ ಹಿಂಗಿಸೆ ಮತ್ತು ಬೆನ್ನುಚೀಲದ ಹೊರಗಿಸೆ ಒಡೆಯನ ಕಣ್ಣಿಗೆ ಕಾಣದ, ಬೇರೆ ಎಲ್ಲರಿಗೂ ಕಾಣುವ ಜಾಗಗಳು. ಗುಂಪಿನಲ್ಲಿ ಬೆನ್ನುಚೀಲವನ್ನು ಎದೆಯ ಕಡೆಗೆ ಹಾಕಿಕೊಳ್ಳುವುದಕ್ಕೆ ಸಂಕೋಚ ಬೇಡ. ಹೋಟೆಲಿನಲ್ಲಿ ಕುಳಿತಾಗ ಮೇಜಿನ ಮೇಲೆ ಫೋನನ್ನಿಡುವುದು, ಕುರ್ಚಿಯ ಬೆನ್ನಿಗೆ ಚೀಲ ತೂಗುಹಾಕುವುದು ಎಲ್ಲರಿಗೂ ರೂಢಿಯಾಗಿಬಿಟ್ಟಿದೆ. ಚೀಲದ ಪಟ್ಟಿಯೊಳಗೆ ಒಂದು ಕಾಲು ಹಾಕಿ ಕುಳಿತರೆ ಅದನ್ನು ಸದ್ದಿಲ್ಲದೆ ಒಯ್ಯಲಾಗುವುದಿಲ್ಲ.

ಫೋನಿನ ವಿಷಯದಲ್ಲಿ ಯಂತ್ರಕ್ಕಿಂತ ಪಿನ್ ಹೆಚ್ಚು ಬೆಲೆಬಾಳುತ್ತದೆ. ಗುಂಪಿನಲ್ಲಿ ಪಿನ್ ಒತ್ತುವುದನ್ನು ಭುಜದ ಮೇಲಿಂದ ನೋಡಿಕೊಂಡು ಅನಂತರ ಫೋನು ಕದ್ದರೆ ಬೀಗವೂ ಬೀಗದ ಕೈಯೂ ಒಟ್ಟಿಗೆ ಸಿಕ್ಕಂತಾಗುತ್ತದೆ. ಹೊರಗಿರುವಾಗ ಬೆರಳಚ್ಚು ಅಥವಾ ಮುಖ ಗುರುತಿನಿಂದ ತೆರೆಯುವುದು, ಫೋನಿನ ಪಿನ್ ಮತ್ತು ಬ್ಯಾಂಕ್ ಆ್ಯಪ್‌ನ ಪಿನ್ ಬೇರೆ ಬೇರೆಯಾಗಿಡುವುದು ಅಗತ್ಯ. 2024ರ ಜನವರಿಯಲ್ಲಿ ಐಫೋನ್‌ಗಳಿಗೆ ಬಂದ ಕಳವು ರಕ್ಷಣೆಯ ಸೌಲಭ್ಯವನ್ನು ಚಾಲೂ ಮಾಡಿದ್ದರೆ, ಪರಿಚಿತ ಸ್ಥಳದಿಂದ ದೂರದಲ್ಲಿ ಮುಖ್ಯ ಪಾಸ್‌ವರ್ಡ್ ಬದಲಿಸಲು ಮುಖ ಅಥವಾ ಬೆರಳಿನ ಗುರುತಿನ ಜೊತೆಗೆ ಒಂದು ಗಂಟೆ ಕಾಯಬೇಕಾಗುತ್ತದೆ. ಅದೇ ವರ್ಷ ಗೂಗಲ್ ಆಂಡ್ರಾಯ್ಡ್ ಫೋನ್‌ಗಳಿಗೆ, ಕಸಿದುಕೊಂಡು ಓಡುವ ಚಲನೆಯನ್ನು ಗುರುತಿಸಿ ಪರದೆಗೆ ತಾನಾಗಿಯೇ ಬೀಗ ಹಾಕುವ ಸೌಲಭ್ಯವನ್ನು ತಂದಿತು. ನಮ್ಮ ಫೋನಿನಲ್ಲಿ ಇಂಥವು ಇವೆಯೇ, ಚಾಲೂ ಆಗಿವೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ಇಂದೇ ನೋಡಿಕೊಳ್ಳುವುದು ಒಳಿತು. ಹಾಗೆಯೇ *#06# ಒತ್ತಿದರೆ ಪರದೆಯ ಮೇಲೆ ಕಾಣುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು, ಅಂದರೆ ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆಯನ್ನು, ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು, ಫೋನಿನಲ್ಲಿಯೇ ಬರೆದಿಟ್ಟರೆ ಬೇಕಾದ ದಿನ ಅದು ಸಿಗುವುದಿಲ್ಲ.

ಯಾರೋ ಹಿಂಬಾಲಿಸುತ್ತಿದ್ದಾರೆ ಎನಿಸಿದಾಗ

ಅನುಮಾನ ಬಂದೊಡನೆ ರಸ್ತೆಯ ಇನ್ನೊಂದು ಬದಿಗೆ ದಾಟಬೇಕು. ಹಿಂದಿನವರೂ ದಾಟಿದರೆ ಮತ್ತೊಮ್ಮೆ ದಾಟಿ, ತಲೆಯೆತ್ತಿ ಅವರ ಕಡೆ ಒಮ್ಮೆ ನೇರವಾಗಿ ನೋಡಬೇಕು. ತಾನು ಗುರುತಿಸಲ್ಪಟ್ಟೆ ಎಂದು ತಿಳಿದ ಮೇಲೆ ಮರೆಯಲ್ಲಿ ಕೆಲಸ ಮಾಡಬೇಕೆಂದಿದ್ದವನ ಅನುಕೂಲ ಅರ್ಧ ಮುರಿದುಬೀಳುತ್ತದೆ. ಅಷ್ಟಾದರೂ ಅನುಮಾನ ಹೋಗದಿದ್ದರೆ ತೆರೆದಿರುವ ಅಂಗಡಿ, ಆಸ್ಪತ್ರೆ, ನಿಲ್ದಾಣ ಹೀಗೆ ಜನರಿರುವಲ್ಲಿಗೆ ಹೋಗಿ, ಅಲ್ಲಿದ್ದವರಿಗೆ ವಿಷಯವನ್ನು ಬಾಯಿಬಿಟ್ಟು ಹೇಳಬೇಕು. ನೇರವಾಗಿ ಮನೆಗೆ ಹೋಗುವುದು ಸಹಜವೆನಿಸಿದರೂ ಅದು ತಪ್ಪು, ಏಕೆಂದರೆ ಅದರಿಂದ ಹಿಂಬಾಲಕನಿಗೆ ವಿಳಾಸ ಸಿಗುತ್ತದೆ, ಬೀಗ ತೆಗೆಯುವ ಹೊತ್ತಿನಲ್ಲಿ ಬೆನ್ನು ಅವನ ಕಡೆಗಿರುತ್ತದೆ. ತುರ್ತು ಸಂಖ್ಯೆ ನೆನಪಿನಲ್ಲಿರಬೇಕು. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿಯೂ ಭಾರತದಲ್ಲಿಯೂ ಅದು 112, ಅಮೆರಿಕ ಮತ್ತು ಕೆನಡಾಗಳಲ್ಲಿ 911.

ಅನುಮಾನ ಸುಳ್ಳಾಗಿ ನಗೆಪಾಟಲಾದರೆ ಏನು ಗತಿ ಎಂಬ ಸಂಕೋಚ ಅನೇಕರನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು ಮತ್ತು ವಯಸ್ಸಾದವರನ್ನು, ಸುಮ್ಮನಿರಿಸುತ್ತದೆ. ಅಂಗಡಿಯೊಳಗೆ ಹೋಗಿ ಐದು ನಿಮಿಷ ನಿಂತದ್ದಕ್ಕಾಗಿ ಯಾರೂ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಬೆದರಿಸಿ ಕೇಳಿದಾಗ

ಎದುರಿಗೆ ಚಾಕು ಬಂದಾಗ ವಸ್ತುವನ್ನು ಕೊಟ್ಟುಬಿಡಬೇಕು. ಇದರಲ್ಲಿ ಎರಡು ಮಾತಿಲ್ಲ. ಸುಲಿಗೆಕೋರ ಸಾಮಾನ್ಯವಾಗಿ ಅವಸರದಲ್ಲಿರುತ್ತಾನೆ, ಅವನೂ ಉದ್ವಿಗ್ನನಾಗಿರುತ್ತಾನೆ. ಎಳೆದಾಟ ಆ ಹೊತ್ತನ್ನು ಉದ್ದ ಮಾಡುತ್ತದೆ, ಗಾಯಗಳಾಗುವುದು ಆ ಎಳೆದಾಟದಲ್ಲಿಯೇ. ಕೈಗಳು ಅವನಿಗೆ ಕಾಣುವಂತಿರಲಿ, ಕಿಸೆಗೆ ಕೈಹಾಕುವ ಮೊದಲು ‘ಪರ್ಸು ತೆಗೆಯುತ್ತೇನೆ’ ಎಂದು ಹೇಳಿ ನಿಧಾನವಾಗಿ ತೆಗೆಯಬೇಕು. ಅವನು ಹೋದ ಮೇಲೆ ಬೆನ್ನಟ್ಟಬಾರದು. ಆತ್ಮರಕ್ಷಣೆಗೆಂದು ಚಾಕು ಇಟ್ಟುಕೊಳ್ಳುವುದರಿಂದ ಜಗಳ ಪ್ರಾಣಾಪಾಯದ ಮಟ್ಟಕ್ಕೇರುವ ಸಂಭವವೇ ಹೆಚ್ಚು, ಅನೇಕ ದೇಶಗಳಲ್ಲಿ ಅದು ಕಾನೂನುಬಾಹಿರ ಕೂಡ. ಆದರೆ ವಾಹನಕ್ಕೆ ಹತ್ತು, ಇನ್ನೊಂದು ಕಡೆಗೆ ಬಾ ಎಂದು ಒತ್ತಾಯಿಸಿದರೆ ಮಾತು ಬೇರೆ. ಆಗ ಅಪಾಯದಲ್ಲಿರುವುದು ವಸ್ತುವಲ್ಲ, ವ್ಯಕ್ತಿ. ಗಟ್ಟಿಯಾಗಿ ಕೂಗುವುದು, ಜನರತ್ತ ಓಡುವುದು, ಬಿಡಿಸಿಕೊಳ್ಳಲು ಸಾಧ್ಯವಿರುವ ಎಲ್ಲವನ್ನೂ ಮಾಡುವುದು ಆ ಹೊತ್ತಿಗೆ ಸರಿಯಾದ ದಾರಿ.

ಇಂಥ ಗಳಿಗೆಯಲ್ಲಿ ದೇಹ ಮರಗಟ್ಟಿದಂತಾಗುವುದು, ಗಂಟಲಿನಿಂದ ದನಿಯೇ ಹೊರಡದಿರುವುದು ಹೇಡಿತನವಲ್ಲ. ಅಪಾಯಕ್ಕೆ ನರಮಂಡಲ ತೋರುವ ಸಹಜ ಪ್ರತಿಕ್ರಿಯೆಗಳಲ್ಲಿ ಅದೂ ಒಂದು. ಕಣ್ಣು ಆಯುಧದ ಮೇಲೆಯೇ ನೆಟ್ಟು ಎದುರಿನವನ ಮುಖ ನೆನಪಿನಲ್ಲಿ ಉಳಿಯದಿರುವುದನ್ನು ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ‘ಮುಖ ನೋಡಲಿಲ್ಲವೇ’ ಎಂದು ಬಾಧಿತರನ್ನು ಗದರಿಸುವವರು ಇದನ್ನು ತಿಳಿದಿರಬೇಕು.

ಸುತ್ತಲಿನವರು ನೆರವಾಗುತ್ತಾರೆಯೇ?

ಗುಂಪಿನಲ್ಲಿ ಯಾರೂ ಮುಂದೆ ಬರುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಅದಕ್ಕೊಂದು ಹಿನ್ನೆಲೆಯೂ ಇದೆ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ನಡೆಸಿದ ಪ್ರಯೋಗದಲ್ಲಿ, ಇನ್ನೊಬ್ಬರಿಗೆ ಮೂರ್ಛೆರೋಗದ ಸೆಳವು ಬಂದದ್ದನ್ನು ತಾವೊಬ್ಬರೇ ಕೇಳಿಸಿಕೊಂಡೆವೆಂದು ಭಾವಿಸಿದವರಲ್ಲಿ ಶೇ 85ರಷ್ಟು ಮಂದಿ ಬೇಗನೆ ನೆರವು ಕರೆಯಲು ಎದ್ದರೆ, ಬೇರೆ ನಾಲ್ವರೂ ಕೇಳಿಸಿಕೊಂಡಿದ್ದಾರೆಂದು ಭಾವಿಸಿದವರಲ್ಲಿ ಹಾಗೆ ಎದ್ದವರು ಶೇ 31ರಷ್ಟು. ಹೊಣೆ ಹಲವರಲ್ಲಿ ಹಂಚಿಹೋದಾಗ ಪ್ರತಿಯೊಬ್ಬರೂ ಇನ್ನೊಬ್ಬರಿಗಾಗಿ ಕಾಯುತ್ತಾರೆ. ಆದರೆ ನಿಜವಾದ ಬೀದಿಯ ಚಿತ್ರ ಇಷ್ಟು ನಿರಾಶಾದಾಯಕವಲ್ಲ. ಲ್ಯಾಂಕಾಸ್ಟರ್, ಆಮ್‌ಸ್ಟರ್‌ಡ್ಯಾಮ್, ಕೇಪ್‌ಟೌನ್ ನಗರಗಳ ಸಿಸಿಟಿವಿಯಲ್ಲಿ ದಾಖಲಾದ 219 ಜಗಳಗಳನ್ನು ಪರಿಶೀಲಿಸಿ 2019ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ ಹತ್ತರಲ್ಲಿ ಒಂಬತ್ತು ಘಟನೆಗಳಲ್ಲಿ ಕನಿಷ್ಠ ಒಬ್ಬರಾದರೂ ಮಧ್ಯೆ ಬಂದಿದ್ದರು.

ಈ ಎರಡನ್ನೂ ಸೇರಿಸಿ ನೋಡಿದಾಗ ಒಂದು ಉಪಾಯ ಹೊಳೆಯುತ್ತದೆ. ‘ಯಾರಾದರೂ ಸಹಾಯ ಮಾಡಿ’ ಎಂದು ಎಲ್ಲರನ್ನೂ ಒಟ್ಟಾಗಿ ಕೂಗುವುದಕ್ಕಿಂತ, ‘ನೀಲಿ ಅಂಗಿಯವರೇ, ಪೊಲೀಸರಿಗೆ ಫೋನ್ ಮಾಡಿ’ ಎಂದು ಒಬ್ಬರನ್ನೇ ಗುರುತಿಸಿ ಹೇಳಿದರೆ ಹೊಣೆ ಹಂಚಿಹೋಗುವುದಿಲ್ಲ. ನೋಡುತ್ತ ನಿಂತವರು ಆಯುಧದ ಎದುರು ನುಗ್ಗಬೇಕಾಗಿಲ್ಲ. ದೂರದಿಂದಲೇ ಕೂಗುವುದು, ತುರ್ತು ಸಂಖ್ಯೆಗೆ ಕರೆಮಾಡುವುದು, ವಾಹನದ ಸಂಖ್ಯೆ ಮತ್ತು ಹೋದ ದಿಕ್ಕನ್ನು ಗುರುತಿಟ್ಟುಕೊಳ್ಳುವುದು, ಎಲ್ಲ ಮುಗಿದ ಮೇಲೆ ಬಾಧಿತರ ಪಕ್ಕದಲ್ಲಿ ನಿಲ್ಲುವುದು ಇವೂ ನೆರವೇ.

ವಸ್ತು ಹೋದ ಮೇಲೆ

ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಬೇಕು, ಗಾಯವಾಗಿದೆಯೇ ಎಂದು ನೋಡಿಕೊಳ್ಳಬೇಕು. ಅನಂತರ ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಕಾರ್ಡು, ಖಾತೆಗಳನ್ನು ತಡೆಹಿಡಿಸಬೇಕು, ಫೋನಿಗೆ ದೂರದಿಂದಲೇ ಬೀಗ ಹಾಕಬೇಕು, ಸಿಮ್ ನಿಲ್ಲಿಸಲು ದೂರವಾಣಿ ಸಂಸ್ಥೆಗೆ ಹೇಳಬೇಕು. ಒಂದು ಬಾರಿಯ ಪಾಸ್‌ವರ್ಡ್‌ಗಳು ಬರುವುದು ಸಿಮ್‌ಗೇ ಆದ್ದರಿಂದ ಅದನ್ನು ನಾಳೆಗೆ ಮುಂದೂಡುವಂತಿಲ್ಲ. ಇಮೇಲ್ ಪಾಸ್‌ವರ್ಡನ್ನೂ ಕೂಡಲೇ ಬದಲಿಸಬೇಕು. ಐಎಂಇಐ ಸಂಖ್ಯೆಯೊಂದಿಗೆ ಪೊಲೀಸರಿಗೆ ದೂರು ಕೊಟ್ಟರೆ ಫೋನು ಮರಳಿ ಸಿಗದಿದ್ದರೂ ಅದನ್ನು ಜಾಲದಲ್ಲಿ ಬಳಸದಂತೆ ತಡೆಯಲು, ವಿಮೆ ಕೇಳಲು, ಮುಂದೆ ಅದರ ದುರ್ಬಳಕೆಯಾದರೆ ತನ್ನದಲ್ಲವೆಂದು ತೋರಿಸಲು ಆ ದೂರು ಬೇಕಾಗುತ್ತದೆ. ಅಪಾಯ ಇರುವ ಜಾಗಗಳು ಗುರುತಾಗುವುದೂ ಇಂಥ ದೂರುಗಳಿಂದಲೇ. ಫೋನ್ ಇರುವ ಜಾಗ ನಕ್ಷೆಯಲ್ಲಿ ಕಂಡರೆ ಆ ಮಾಹಿತಿಯನ್ನು ಪೊಲೀಸರಿಗೆ ಕೊಡಬೇಕೇ ಹೊರತು ತಾನೇ ಹುಡುಕಿಕೊಂಡು ಹೋಗಬಾರದು.

ಕೆಲವು ದಿನಗಳ ನಂತರ ‘ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ’ ಎಂಬ ಸಂದೇಶ ಬರಬಹುದು. ಕದ್ದ ಫೋನಿನ ಬೀಗ ತೆಗೆಯಲು ಪಾಸ್‌ವರ್ಡ್ ಕಸಿಯುವ ಎರಡನೆಯ ಯತ್ನ ಅದು. ಯಾವ ಕಂಪನಿಯ ಹೆಸರಿನಲ್ಲಿ ಬಂದರೂ ಅದಕ್ಕೆ ಪಾಸ್‌ವರ್ಡ್ ಕೊಡಬಾರದು, ಹಳೆಯ ಫೋನನ್ನು ಖಾತೆಯ ಪಟ್ಟಿಯಿಂದ ತೆಗೆದುಹಾಕುವಂತೆ ಕೇಳಿದರೂ ಒಪ್ಪಬಾರದು. ಹಾಗೆ ತೆಗೆದ ಕೂಡಲೇ ಬೀಗ ಸಡಿಲಾಗಿ, ಆ ಫೋನು ಮಾರಾಟಕ್ಕೆ ಸಿದ್ಧವಾಗುತ್ತದೆ.